ಕೆಟ್ಟ ಟಚ್ ಲ್ಯಾಪ್‌ಟಾಪ್‌ನ ಪರದೆಯನ್ನು ಮಾನಿಟರ್ ಮಾಡಿಕೊಳ್ಳಬಹುದೇ?

ಪ್ರಶ್ನೆ: ನನ್ನ ಹತ್ತಿರ 15.6 ಇಂಚಿನ ಹಳೆಯ ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್ ಇದೆ. ಮದರ್‌ಬೋರ್ಡ್ ಹೋಗಿದೆ, ರಿಪೇರಿ ಆಗಲ್ಲ ಅಂದರು. ಪರದೆ ಮಾತ್ರ ಚೆನ್ನಾಗಿದೆ, ಒಂದು ಗೀರೂ ಇಲ್ಲ. ಇದನ್ನು ಹೊಸ ಲ್ಯಾಪ್‌ಟಾಪ್‌ಗೆ ಎರಡನೇ ಮಾನಿಟರ್ ಆಗಿ ಜೋಡಿಸಬಹುದಾ? ಟಚ್ ಕೂಡ ಕೆಲಸ ಮಾಡಬೇಕು. ಅದರ ಎಚ್‌ಡಿಎಂಐ ಪೋರ್ಟ್‌ಗೆ ಕೇಬಲ್ ಹಾಕಿ ನೋಡಿದೆ, ಏನೂ ಬರಲಿಲ್ಲ.

ಉತ್ತರ: ಜೋಡಿಸಬಹುದು. ಚಿತ್ರ ಬರುವಂತೆ ಮಾಡುವುದು ಬಹುಪಾಲು ಪರದೆಗಳಲ್ಲಿ ಸಾಧ್ಯ. ಅದಕ್ಕೆ ಸರಿಯಾದ ಒಂದು ಬೋರ್ಡ್ ಕೊಂಡರೆ ಸಾಕು. ಟಚ್ ಹಾಗಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ನಾಲ್ಕು ತಂತಿ ಬೆಸೆದರೆ ಟಚ್ ಕೆಲಸ ಮಾಡುತ್ತದೆ. ಇನ್ನು ಕೆಲವದರಲ್ಲಿ ಪ್ರೋಗ್ರಾಮಿಂಗ್ ಗೊತ್ತಿದ್ದವರೂ ಒದ್ದಾಡಬೇಕಾಗುತ್ತದೆ. ಆದ್ದರಿಂದ ಬೋರ್ಡ್‌ಗೆ ಹಣ ಕೊಡುವ ಮೊದಲು ನಿಮ್ಮ ಟಚ್ ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಬೋರ್ಡ್ ತರಿಸುತ್ತಾರೆ, ಚಿತ್ರ ಬರುತ್ತದೆ, ಎಲ್ಲ ಜೋಡಿಸಿ ಸ್ಕ್ರೂ ಹಾಕಿದ ಮೇಲೆ ಟಚ್ ಬಗ್ಗೆ ಯೋಚಿಸುತ್ತಾರೆ. ಆಗ ಮತ್ತೆ ಎಲ್ಲ ಬಿಚ್ಚಬೇಕು.

ಮೊದಲು ಎಚ್‌ಡಿಎಂಐ ವಿಷಯ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಪೋರ್ಟ್ ಇರುವುದು ಚಿತ್ರವನ್ನು ಹೊರಗೆ ಕಳಿಸುವುದಕ್ಕೆ. ಒಳಗೆ ಬರುವ ಚಿತ್ರವನ್ನು ತೆಗೆದುಕೊಳ್ಳುವ ಚಿಪ್ ಬಹುತೇಕ ಯಾವ ಲ್ಯಾಪ್‌ಟಾಪ್‌ನಲ್ಲೂ ಅದರ ಹಿಂದೆ ಇರುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಸುಸ್ಥಿತಿಯಲ್ಲಿದ್ದರೂ ನೀವು ಮಾಡಿದ ಪ್ರಯತ್ನದಲ್ಲಿ ಏನೂ ಬರುತ್ತಿರಲಿಲ್ಲ. ಪರದೆ ಹಾಳಾಗಿದೆಯೇನೋ ಎಂದು ಹೆದರಬೇಡಿ.

ಆಲ್-ಇನ್-ಒನ್, ಅಂದರೆ ಪರದೆಯ ಹಿಂದೆಯೇ ಇಡೀ ಕಂಪ್ಯೂಟರ್ ಇರುವ ಯಂತ್ರ ಇಟ್ಟುಕೊಂಡವರು ಮಾತ್ರ ಹಿಂದಿನ ಪೋರ್ಟ್‌ಗಳನ್ನು ಒಮ್ಮೆ ಸರಿಯಾಗಿ ನೋಡಬೇಕು. ಕೆಲವು ಮಾಡೆಲ್‌ಗಳಲ್ಲಿ 'ಎಚ್‌ಡಿಎಂಐ ಇನ್' ಎಂದೇ ಬರೆದಿರುತ್ತದೆ. ಅಂಥದ್ದರಲ್ಲಿ ಕೇಬಲ್ ಹಾಕಿ, ಚಿತ್ರದ ಮೂಲ (ಸೋರ್ಸ್) ಬದಲಿಸುವ ಬಟನ್ ಒತ್ತಿದರೆ ಸಾಕು. ಆಪಲ್‌ನ ಐಮ್ಯಾಕ್‌ಗಳಲ್ಲೂ 2009ರ ಕೊನೆಯಿಂದ 2014ರ ನಡುವಿನವರೆಗಿನ ಕೆಲವು ಮಾಡೆಲ್‌ಗಳಿಗೆ ಐಮ್ಯಾಕ್ ಅನ್ನು ಮಾನಿಟರ್ ಆಗಿ ಬಳಸುವ 'ಟಾರ್ಗೆಟ್ ಡಿಸ್‌ಪ್ಲೇ ಮೋಡ್' ಎಂಬ ಸೌಲಭ್ಯ ಇತ್ತು. ಆದರೆ ಅದಕ್ಕೆ ಒಳಗಿನ ಕಂಪ್ಯೂಟರ್ ಕೆಲಸ ಮಾಡುತ್ತಿರಬೇಕು, ಟಚ್ ಅಂತೂ ಇಲ್ಲ.

ಇನ್ನೊಂದು ವಿಷಯ. ನಿಮ್ಮ ಮದರ್‌ಬೋರ್ಡ್ ಪೂರ್ತಿ ಸತ್ತಿದೆ ಎಂದಿದ್ದೀರಿ. ಕೀಬೋರ್ಡ್ ಕೆಟ್ಟಿದ್ದು, ಬ್ಯಾಟರಿ ಹೋಗಿದ್ದು ಅಥವಾ ಸುಮ್ನೆ ನಿಧಾನವಾಗಿದ್ದು ಆಗಿದ್ದರೆ ಬಿಚ್ಚಲೇಬೇಡಿ ಎಂದು ಹೇಳುತ್ತಿದ್ದೆ. ವಿಂಡೋಸ್ 10 ಮತ್ತು 11ರಲ್ಲಿ 'ವೈರ್‌ಲೆಸ್ ಡಿಸ್‌ಪ್ಲೇ' ಎಂಬ ಐಚ್ಛಿಕ ಫೀಚರ್ ಇದೆ. ಅದನ್ನು ಹಳೆಯ ಯಂತ್ರದಲ್ಲಿ ಹಾಕಿ, 'ಪ್ರೊಜೆಕ್ಟಿಂಗ್ ಟು ದಿಸ್ ಪಿಸಿ' ಆನ್ ಮಾಡಿ. ಎರಡೂ ಯಂತ್ರಗಳ ವೈಫೈ ಮಿರಾಕಾಸ್ಟ್ (ತಂತಿಯಿಲ್ಲದೆ ಚಿತ್ರ ಕಳಿಸುವ ವಿಧಾನ) ಬೆಂಬಲಿಸಿದರೆ ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ 'ಕೆ' ಒತ್ತಿದಾಗ ಹಳೆಯದರ ಹೆಸರು ಕಾಣುತ್ತದೆ. ಜೋಡಣೆ ಆದ ಮೇಲೆ ಆ ಸಾಧನದಿಂದ ಮೌಸ್, ಕೀಬೋರ್ಡ್, ಟಚ್ ಬರಲು ಅನುಮತಿ ಕೇಳುವ ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಹಳೆಯ ಪರದೆಯ ಟಚ್ ಕೂಡ ಹೊಸ ಯಂತ್ರಕ್ಕೆ ಹೋಗುತ್ತದೆ. ಸ್ಪೇಸ್‌ಡೆಸ್ಕ್ ಎಂಬ ಸಾಫ್ಟ್‌ವೇರ್ ಕೂಡ ಇದೇ ಕೆಲಸವನ್ನು ಮನೆಯ ನೆಟ್‌ವರ್ಕ್ ಮೂಲಕ ಮಾಡುತ್ತದೆ. ಬೆರಳು ಆಡಿಸಿದ್ದಕ್ಕೂ ಚಿತ್ರ ಕದಲುವುದಕ್ಕೂ ಸ್ವಲ್ಪ ಅಂತರ ಇರುತ್ತದೆ. ಓದುವುದಕ್ಕೆ, ಚಾಟ್ ಕಿಟಕಿ ಇಟ್ಟುಕೊಳ್ಳುವುದಕ್ಕೆ ಪರವಾಗಿಲ್ಲ. ಚಿತ್ರ ಬಿಡಿಸುವುದಕ್ಕೆ ಸಾಲದು.

ಈಗ ನಿಮ್ಮ ಪ್ರಶ್ನೆಗೆ ಬರೋಣ.

ಟಚ್‌ಸ್ಕ್ರೀನ್ ಒಂದೇ ವಸ್ತುವಿನಂತೆ ಕಂಡರೂ ಒಳಗೆ ಎರಡು ಬೇರೆ ಬೇರೆ ಸಾಧನಗಳಿವೆ. ಹಿಂದೆ ಇರುವುದು ಚಿತ್ರ ತೋರಿಸುವ ಎಲ್‌ಸಿಡಿ ಪ್ಯಾನೆಲ್. ಮುಂದೆ ಇರುವುದು ಬೆರಳು ಗುರುತಿಸುವ ಗಾಜು, ಅದನ್ನು ಡಿಜಿಟೈಸರ್ ಅನ್ನುತ್ತಾರೆ. ಪ್ಯಾನೆಲ್‌ಗೆ ಬೆರಳಿನ ಬಗ್ಗೆ ಏನೂ ಗೊತ್ತಿಲ್ಲ. ಗಾಜಿಗೆ ಚಿತ್ರದ ಬಗ್ಗೆ ಏನೂ ಗೊತ್ತಿಲ್ಲ. ಗಾಜಿನ ಅಂಚಿನಿಂದ ತೆಳ್ಳಗಿನ ಪಟ್ಟಿ ಹೊರಟು ಬೆರಳಗಲದ ಒಂದು ಚಿಕ್ಕ ಬೋರ್ಡ್‌ಗೆ ಹೋಗುತ್ತದೆ. ಅದೇ ಟಚ್ ಕಂಟ್ರೋಲರ್. ಮುಂದೆ ಟಚ್ ಬೋರ್ಡ್ ಎನ್ನುವುದೂ ಇದನ್ನೇ. ಬೆರಳು ಎಲ್ಲಿದೆ ಎಂದು ಲೆಕ್ಕ ಹಾಕಿ ಕಂಪ್ಯೂಟರ್‌ಗೆ ಹೇಳುವುದು ಅದರ ಕೆಲಸ. ಅದು ಕಂಪ್ಯೂಟರ್ ಜೊತೆ ಹೇಗೆ ಮಾತಾಡುತ್ತದೆ ಎನ್ನುವುದೇ ನಿಮ್ಮ ಇಡೀ ಕೆಲಸದ ಹಣೆಬರಹ.

ಎರಡು ದಾರಿ ಇವೆ. ಒಂದು ಯುಎಸ್‌ಬಿ. ಹೊರಗೆ ಮೌಸ್ ಚುಚ್ಚುತ್ತೇವಲ್ಲ, ಅದೇ ಯುಎಸ್‌ಬಿ, ಆದರೆ ಲ್ಯಾಪ್‌ಟಾಪ್ ಒಳಗೆ ಸಣ್ಣ ತಂತಿಗಳಲ್ಲಿ ಹರಿಯುತ್ತದೆ. ನಿಮ್ಮದು ಇದಾಗಿದ್ದರೆ ಅದೃಷ್ಟ. ಇನ್ನೊಂದು ಐ2ಸಿ. ಇದು ಒಂದೇ ಯಂತ್ರದೊಳಗಿನ ಚಿಪ್‌ಗಳು ಪರಸ್ಪರ ಮಾತಾಡುವ ವಿಧಾನ. 2012ರಲ್ಲಿ ಬಂದ ವಿಂಡೋಸ್ 8 ಟಚ್‌ಸ್ಕ್ರೀನ್‌ಗಳನ್ನು ಈ ದಾರಿಯಲ್ಲೂ ಜೋಡಿಸಲು ಅವಕಾಶ ಕೊಟ್ಟಿತು. ಇದು ವಿದ್ಯುತ್ ಕಡಿಮೆ ತಿನ್ನುತ್ತದೆ, ಹಾಗಾಗಿ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಕಾಣುತ್ತದೆ. ಐ2ಸಿಯನ್ನು ನೇರವಾಗಿ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಲು ಬರುವುದಿಲ್ಲ.

ಲ್ಯಾಪ್‌ಟಾಪ್ ಹೇಗಾದರೂ ಒಮ್ಮೆ ಆನ್ ಆಗುವುದಾದರೆ ಇದನ್ನು ಪತ್ತೆ ಮಾಡುವುದು ಸುಲಭ. ಡಿವೈಸ್ ಮ್ಯಾನೇಜರ್ ತೆರೆಯಿರಿ. ವ್ಯೂ ಮೆನುವಿನಲ್ಲಿ 'ಡಿವೈಸಸ್ ಬೈ ಕನೆಕ್ಷನ್' ಆಯ್ಕೆ ಮಾಡಿ. 'ಎಚ್‌ಐಡಿ ಕಂಪ್ಲಯಂಟ್ ಟಚ್ ಸ್ಕ್ರೀನ್' ಎಂಬ ಸಾಲು ಯುಎಸ್‌ಬಿ ರೂಟ್ ಹಬ್ ಕೆಳಗೆ ಇದೆಯೋ, 'ಐ2ಸಿ ಎಚ್‌ಐಡಿ ಡಿವೈಸ್' ಕೆಳಗೆ ಇದೆಯೋ ನೋಡಿ. ಉತ್ತರ ಅಲ್ಲೇ ಸಿಗುತ್ತದೆ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ 'ಎಲ್‌ಎಸ್‌ಯುಎಸ್‌ಬಿ' ಆಜ್ಞೆ ಕೊಟ್ಟರೂ ಆದೀತು. ಆ ಪಟ್ಟಿಯಲ್ಲಿ ಟಚ್ ಕಂಪನಿಯ ಹೆಸರು, ಉದಾಹರಣೆಗೆ ಎಲಾನ್ ಅಥವಾ ಈಗ್ಯಾಲಕ್ಸ್, ಕಂಡರೆ ಅದು ಬಹುತೇಕ ಯುಎಸ್‌ಬಿಯೇ.

ನಿಮ್ಮ ಯಂತ್ರ ಏಳುವುದೇ ಇಲ್ಲ, ಅಲ್ವಾ? ಹಾಗಾದರೆ ಬಿಚ್ಚಿ ನೋಡಬೇಕು. ಬಿಚ್ಚುವಾಗ ಮೊದಲ ಕೆಲಸ ಅಡಾಪ್ಟರ್ ಕಿತ್ತು ಬ್ಯಾಟರಿ ತೆಗೆಯುವುದು. ಬ್ಯಾಟರಿ ಉಬ್ಬಿದ್ದರೆ ಅದನ್ನು ಮೀಟಬೇಡಿ, ಚುಚ್ಚಬೇಡಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ. ನಂತರ ಪರದೆಯ ಸುತ್ತಲಿನ ಚೌಕಟ್ಟು ಬಿಡಿಸಿ. ಟಚ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಗಾಜನ್ನು ಎರಡು ಕಡೆ ಅಂಟುವ ಟೇಪ್‌ನಿಂದ ಮುಚ್ಚಳಕ್ಕೆ ಅಂಟಿಸಿರುತ್ತಾರೆ. ಹೇರ್ ಡ್ರೈಯರ್‌ನಿಂದ ಅಂಚನ್ನು ಬೆಚ್ಚಗೆ ಮಾಡಿ, ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿ ತೂರಿಸಿ ನಿಧಾನವಾಗಿ ಬಿಡಿಸಿ. ಕೆಳಗಿನ ಅಂಚಿನಲ್ಲಿ ಹೆಚ್ಚು ಎಚ್ಚರ ಬೇಕು. ತೆಳು ಪಟ್ಟಿಗಳೆಲ್ಲ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಗಾಜನ್ನೂ ಎಲ್‌ಸಿಡಿಯನ್ನೂ ಒಂದಕ್ಕೊಂದು ಅಂಟಿಸಿದ್ದರೆ ಬೇರ್ಪಡಿಸಲು ಹೋಗಬೇಡಿ. ಅದರ ಅಗತ್ಯವೂ ಇಲ್ಲ.

ಈಗ ಟಚ್ ಕಂಟ್ರೋಲರ್‌ನಿಂದ ಮದರ್‌ಬೋರ್ಡ್ ಕಡೆಗೆ ಹೋಗುವ ತಂತಿಗಳನ್ನು ಎಣಿಸಿ. ನಾಲ್ಕೋ ಐದೋ ಇದ್ದರೆ, ಅದರಲ್ಲಿ ಎರಡು ಒಂದಕ್ಕೊಂದು ಹೊಸೆದುಕೊಂಡಿದ್ದರೆ, ಬಹುತೇಕ ಯುಎಸ್‌ಬಿ. ಆರು ಅಥವಾ ಹೆಚ್ಚು ಇದ್ದರೆ ಐ2ಸಿ ಇರುವ ಸಾಧ್ಯತೆ ಜಾಸ್ತಿ. ವಿದ್ಯುತ್ತಿಗೆ ಎರಡು, ಮಾತಿಗೆ ಎರಡು, ಎಚ್ಚರಿಸಲು ಒಂದು, ರೀಸೆಟ್‌ಗೆ ಒಂದು ಬೇಕಾಗುತ್ತದೆ. ಲೆಕ್ಕ ಮಾತ್ರ ನಂಬಿ ಮುಂದುವರಿಯಬೇಡಿ. ಚಿಕ್ಕ ಬೋರ್ಡ್ ಮೇಲಿನ ಚಿಪ್‌ನ ನಂಬರ್ ಹುಡುಕಿ. ಮದರ್‌ಬೋರ್ಡ್ ಮೇಲೆ ಅಚ್ಚಾಗಿರುವ ಹೆಸರಿನಿಂದ ಅದರ ಸರ್ಕ್ಯೂಟ್ ನಕ್ಷೆಯನ್ನೂ ಹುಡುಕಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅನೇಕಕ್ಕೆ ಅದು ಸಿಗುತ್ತದೆ. ನಕ್ಷೆಯಲ್ಲಿ ಟಚ್ ಕನೆಕ್ಟರ್‌ನ ಒಂದೊಂದು ಪಿನ್‌ನ ಹೆಸರೂ, ವೋಲ್ಟೇಜೂ ಬರೆದಿರುತ್ತದೆ. ಇಷ್ಟು ಖಚಿತವಾದ ಮಾಹಿತಿ ಬೇರೆಲ್ಲೂ ಸಿಗುವುದಿಲ್ಲ.

ಟಚ್‌ಗೆ ಪ್ರತ್ಯೇಕ ತಂತಿಗಳೇ ಕಾಣದೆ ಪ್ಯಾನೆಲ್‌ಗೆ ಒಂದೇ 40 ಪಿನ್‌ನ ಕೇಬಲ್ ಹೋಗುತ್ತಿದ್ದರೆ? ಆಗ ಟಚ್ ಪ್ಯಾನೆಲ್‌ನೊಳಗೇ ಸೇರಿಕೊಂಡಿದೆ ಎಂದರ್ಥ. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಚಿತ್ರ ಮತ್ತು ಟಚ್ ಎರಡೂ ಒಂದೇ ಕನೆಕ್ಟರ್‌ನಲ್ಲಿ ಬರುತ್ತವೆ. ಅಂಥ ಪ್ಯಾನೆಲ್‌ಗೆ ಟಚ್ ಪಿನ್‌ಗಳನ್ನು ಹೊರಗೆ ತೆಗೆದುಕೊಡುವ ಬೋರ್ಡೇ ಬೇಕು. ಮಾರುವವರಿಗೆ ಪ್ಯಾನೆಲ್ ನಂಬರ್ ಕೊಟ್ಟು, ಈ ಪ್ಯಾನೆಲ್‌ನಲ್ಲಿ ಟಚ್ ಕೆಲಸ ಮಾಡುತ್ತದೆಯೇ ಎಂದು ಬಾಯಿ ಬಿಟ್ಟು ಕೇಳಿ. ಸಾಮಾನ್ಯ ಬೋರ್ಡ್ ತಂದರೆ ಚಿತ್ರ ಮಾತ್ರ ಬರುತ್ತದೆ.

ಟಚ್ ವಿಷಯ ತೀರ್ಮಾನವಾಯಿತು ಎಂದುಕೊಳ್ಳೋಣ. ಈಗ ಚಿತ್ರ.

ಪ್ಯಾನೆಲ್ ಬೆನ್ನಿನ ಮೇಲೆ ಒಂದು ಸ್ಟಿಕರ್ ಇರುತ್ತದೆ. ಲ್ಯಾಪ್‌ಟಾಪ್ ಮಾಡೆಲ್ ನಂಬರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಒಂದೇ ಮಾಡೆಲ್‌ಗೆ ಕಂಪನಿಗಳು ಬೇರೆ ಬೇರೆ ಪ್ಯಾನೆಲ್ ಹಾಕಿರುತ್ತವೆ. ಸ್ಟಿಕರ್ ಮೇಲಿನ ಪ್ಯಾನೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಬರೆದುಕೊಳ್ಳಿ. ಕೊನೆಯ ಅಕ್ಷರಗಳೇ ಮುಖ್ಯ. ಒಂದು ಉದಾಹರಣೆ ನೋಡಿ. ಎನ್156ಬಿಜಿಇ-ಎಲ್21 ಮತ್ತು ಎನ್156ಬಿಜಿಇ-ಇ21 ಎರಡೂ ಒಂದೇ ಅಳತೆಯ, ಒಂದೇ ರೆಸಲ್ಯೂಶನ್‌ನ ಪ್ಯಾನೆಲ್‌ಗಳು. ಮೊದಲನೆಯದು ಎಲ್‌ವಿಡಿಎಸ್ ಎಂಬ ಹಳೆಯ ಸಂಪರ್ಕ ಬಳಸುತ್ತದೆ. ಎರಡನೆಯದು ಇಡಿಪಿ ಎಂಬ ಹೊಸದನ್ನು ಬಳಸುತ್ತದೆ. ಒಂದರ ಬೋರ್ಡ್ ಇನ್ನೊಂದಕ್ಕೆ ಆಗುವುದಿಲ್ಲ.

ಇಡಿಪಿ ಎಂದರೆ ಡಿಸ್‌ಪ್ಲೇಪೋರ್ಟ್‌ನ ಒಳಾಂಗಣ ರೂಪ. ವೆಸಾ ಸಂಸ್ಥೆ ಅದರ ಮೊದಲ ಆವೃತ್ತಿಯನ್ನು 2008ರಲ್ಲಿ ತಂದಿತು. ಲ್ಯಾಪ್‌ಟಾಪ್‌ಗಳಲ್ಲಿ ಅದು ಎಲ್‌ವಿಡಿಎಸ್‌ನ ಜಾಗ ಹಿಡಿಯಲು ಕೆಲವು ವರ್ಷ ಬೇಕಾಯಿತು. ಕನೆಕ್ಟರ್ 30 ಪಿನ್ ಇದ್ದು ಲ್ಯಾಪ್‌ಟಾಪ್ ತೀರಾ ಹಳೆಯದಲ್ಲದಿದ್ದರೆ ಇಡಿಪಿ ಇರಬಹುದು. 40 ಪಿನ್ ಇದ್ದರೆ ಎರಡರಲ್ಲಿ ಯಾವುದೂ ಆಗಿರಬಹುದು. ಪಿನ್ ನೋಡಿ ಊಹಿಸುವುದಕ್ಕಿಂತ ಪ್ಯಾನೆಲ್ ನಂಬರಿನಿಂದ ಡೇಟಾಶೀಟ್ (ತಯಾರಕರ ತಾಂತ್ರಿಕ ವಿವರಗಳ ಹಾಳೆ) ಹುಡುಕಿ ನೋಡುವುದು ಒಳ್ಳೆಯದು. ಅದರಲ್ಲಿ ನಾಲ್ಕು ವಿಷಯ ಗುರುತು ಮಾಡಿಕೊಳ್ಳಿ: ರೆಸಲ್ಯೂಶನ್, ಸಂಪರ್ಕದ ಬಗೆ, ಪ್ಯಾನೆಲ್‌ಗೆ ಬೇಕಾದ ವೋಲ್ಟೇಜ್, ಬ್ಯಾಕ್‌ಲೈಟ್‌ಗೆ (ಪರದೆಯನ್ನು ಹಿಂದಿನಿಂದ ಬೆಳಗುವ ದೀಪಕ್ಕೆ) ಬೇಕಾದ ವೋಲ್ಟೇಜ್. ಲ್ಯಾಪ್‌ಟಾಪ್ ಪ್ಯಾನೆಲ್‌ಗಳು ಸಾಮಾನ್ಯವಾಗಿ 3.3 ವೋಲ್ಟ್‌ನಲ್ಲಿ ನಡೆಯುತ್ತವೆ. ಆಲ್-ಇನ್-ಒನ್ ಮತ್ತು ಡೆಸ್ಕ್‌ಟಾಪ್ ಮಾನಿಟರ್‌ಗಳ ಅನೇಕ ಪ್ಯಾನೆಲ್‌ಗಳಿಗೆ 5 ವೋಲ್ಟ್ ಬೇಕು.

ಚಿತ್ರಕ್ಕೆ ನೀವು ಕೊಳ್ಳಬೇಕಾದ ಬೋರ್ಡ್‌ನ ಹೆಸರು ಎಲ್‌ಸಿಡಿ ಕಂಟ್ರೋಲರ್ ಬೋರ್ಡ್ ಅಥವಾ ಡ್ರೈವರ್ ಬೋರ್ಡ್. ಎಚ್‌ಡಿಎಂಐಯಿಂದ ಬಂದ ಚಿತ್ರವನ್ನು ಪ್ಯಾನೆಲ್‌ಗೆ ಅರ್ಥವಾಗುವ ಸಂಕೇತಕ್ಕೆ ಬದಲಿಸುವುದು ಅದರ ಕೆಲಸ. ಪ್ಯಾನೆಲ್‌ಗೆ ತಕ್ಕ ಫರ್ಮ್‌ವೇರ್ (ಬೋರ್ಡ್‌ನೊಳಗೇ ತುಂಬಿರುವ ಸಾಫ್ಟ್‌ವೇರ್) ಅದರಲ್ಲಿ ಇರಬೇಕು. ಅದಕ್ಕೇ ಆರ್ಡರ್ ಮಾಡುವಾಗ ಪೂರ್ತಿ ಪ್ಯಾನೆಲ್ ನಂಬರ್ ಕೊಡಬೇಕು. ಒಳ್ಳೆಯ ಮಾರಾಟಗಾರರು ಸರಿಯಾದ ಫರ್ಮ್‌ವೇರ್ ತುಂಬಿ, ಸರಿಯಾದ ಕೇಬಲ್ ಸೇರಿಸಿ ಕಳಿಸುತ್ತಾರೆ. ಲ್ಯಾಪ್‌ಟಾಪ್‌ನಲ್ಲಿದ್ದ ಹಳೆಯ ಡಿಸ್‌ಪ್ಲೇ ಕೇಬಲ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದರ ಮದರ್‌ಬೋರ್ಡ್ ಕಡೆಯ ತುದಿ ಆಯಾ ಲ್ಯಾಪ್‌ಟಾಪ್‌ಗೆ ಮಾತ್ರ ಹೊಂದುತ್ತದೆ. ಆದರೂ ಎಸೆಯಬೇಡಿ, ಟಚ್ ತಂತಿಗಳು ಅದರಲ್ಲೇ ಸೇರಿರುತ್ತವೆ, ಆಮೇಲೆ ಬೇಕಾಗುತ್ತದೆ.

ನಿಮ್ಮ ಪ್ಯಾನೆಲ್ ಇಡಿಪಿ ಆಗಿದ್ದು, ಹೊಸ ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ಪೋರ್ಟ್ ಚಿತ್ರ ಕಳಿಸಬಲ್ಲದಾದರೆ, ಯುಎಸ್‌ಬಿ-ಸಿ ಇರುವ ಬೋರ್ಡ್ ತೆಗೆದುಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಒಂದೇ ಕೇಬಲ್‌ನಲ್ಲಿ ವಿದ್ಯುತ್, ಚಿತ್ರ, ಟಚ್‌ನ ಯುಎಸ್‌ಬಿ ಮೂರೂ ಹೋಗಬಲ್ಲವು. 15.6 ಇಂಚಿನ ಲ್ಯಾಪ್‌ಟಾಪ್ ಪ್ಯಾನೆಲ್ ಪೂರ್ತಿ ಬೆಳಕಿನಲ್ಲೂ ಸುಮಾರು 5 ವ್ಯಾಟ್ ಆಸುಪಾಸು ತಿನ್ನುತ್ತದೆ. 5 ವೋಲ್ಟ್, 3 ಆಂಪಿಯರ್ ಕೊಡುವ ಪೋರ್ಟ್ ಇದ್ದರೆ ಬೇರೆ ಅಡಾಪ್ಟರ್ ಬೇಡ. ಬೋರ್ಡ್‌ನಲ್ಲಿ ಟಚ್‌ಗೆಂದು ನಾಲ್ಕು ಪಿನ್‌ಗಳ ಕನೆಕ್ಟರ್ ಇದೆಯೇ ಎಂದು ಮಾತ್ರ ಖಚಿತ ಮಾಡಿಕೊಳ್ಳಿ. ಎಚ್‌ಡಿಎಂಐ ಬೋರ್ಡ್ ಆದರೆ ಸಾಮಾನ್ಯವಾಗಿ 12 ವೋಲ್ಟ್ ಅಡಾಪ್ಟರ್ ಬೇಕು, ಟಚ್‌ಗೆ ಬೇರೆ ಯುಎಸ್‌ಬಿ ಕೇಬಲ್ ಬೇಕು. ಕೆಲಸ ಅದರಲ್ಲೂ ಆಗುತ್ತದೆ, ಮೇಜಿನ ಮೇಲೆ ತಂತಿಗಳು ಜಾಸ್ತಿ ಅಷ್ಟೆ.

ತೀರಾ ಹಳೆಯ ಪರದೆಗಳಲ್ಲಿ ಎಲ್‌ಇಡಿ ಬದಲು ಸಣ್ಣ ಟ್ಯೂಬ್‌ಲೈಟ್‌ನಂಥ ದೀಪ ಇರುತ್ತದೆ, ಅದಕ್ಕೊಂದು ಇನ್ವರ್ಟರ್ ಬೋರ್ಡ್ ಇರುತ್ತದೆ. ಅದರ ಹೊರತುದಿಯಲ್ಲಿ ನೂರಾರು ವೋಲ್ಟ್ ಇರುತ್ತದೆ, ಆನ್ ಆಗುವ ಕ್ಷಣದಲ್ಲಿ ಸಾವಿರ ದಾಟುತ್ತದೆ. ಅದು ಕಂಡರೆ ಈ ಕೆಲಸಕ್ಕೆ ಕೈ ಹಾಕುವುದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಆಲ್-ಇನ್-ಒನ್ ಒಳಗೇ ಪವರ್ ಸಪ್ಲೈ ಇದ್ದರೆ ಅದನ್ನೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ಬೋರ್ಡ್ ಕೈಗೆ ಬಂತು. ಎಲ್ಲರಿಗೂ ತಕ್ಷಣ ಪ್ಯಾನೆಲ್ ಚುಚ್ಚಿ ನೋಡುವ ಆತುರ ಇರುತ್ತದೆ. ಹತ್ತು ನಿಮಿಷ ತಡೆಯಿರಿ. ಬೋರ್ಡ್ ಮೇಲೆ ಪ್ಯಾನೆಲ್ ವೋಲ್ಟೇಜ್ ಆರಿಸುವ ಜಂಪರ್ (ಪಿನ್‌ಗಳ ಮೇಲೆ ಕೂರುವ ಪುಟ್ಟ ಕ್ಯಾಪ್) ಇದ್ದರೆ, ಅದು 3.3, 5, 12 ಎಂಬ ಗುರುತುಗಳಲ್ಲಿ ಯಾವುದರ ಮೇಲಿದೆ ನೋಡಿ. ಡೇಟಾಶೀಟ್‌ನಲ್ಲಿದ್ದಂತೆ ಇಡಿ. ನಂತರ ಪ್ಯಾನೆಲ್ ಜೋಡಿಸದೆಯೇ ಬೋರ್ಡ್‌ಗೆ ವಿದ್ಯುತ್ ಕೊಡಿ. ಜಂಪರ್‌ನಿಂದ ಪ್ಯಾನೆಲ್ ಕಡೆಗೆ ಹೋಗುವ ಪಿನ್‌ನಲ್ಲಿ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ಅಳೆಯಿರಿ. 3.3 ಬೇಕಿರುವಲ್ಲಿ 12 ಹೋದರೆ ಪ್ಯಾನೆಲ್ ಆ ಕ್ಷಣವೇ ಸುಡುತ್ತದೆ, ಮತ್ತೆ ಸರಿಯಾಗುವುದಿಲ್ಲ. ಅಳತೆ ಸರಿ ಇದ್ದರೆ ವಿದ್ಯುತ್ ಕಿತ್ತು, ಆಮೇಲೆ ಪ್ಯಾನೆಲ್ ಕೇಬಲ್ ಜೋಡಿಸಿ. ಕೇಬಲ್‌ನ ಒಂದನೇ ಪಿನ್ ಮತ್ತು ಬೋರ್ಡ್‌ನ ಒಂದನೇ ಪಿನ್ ಎದುರುಬದುರು ಇರಬೇಕು. ವಿದ್ಯುತ್ ಇರುವಾಗ ಈ ಕೇಬಲ್ ಹಾಕುವುದು, ತೆಗೆಯುವುದು ಮಾಡಬೇಡಿ.

ಮೊದಲ ಸಲವೇ ಚಿತ್ರ ಸರಿಯಾಗಿ ಬಂದರೆ ಸಂತೋಷ. ಬರದಿದ್ದರೂ ಪರದೆಯ ಲಕ್ಷಣವೇ ಕಾರಣ ಹೇಳುತ್ತದೆ. ಪರದೆ ಕಪ್ಪಗಿದ್ದು, ಓರೆಯಾಗಿ ಟಾರ್ಚ್ ಬಿಟ್ಟಾಗ ಮಸುಕಾಗಿ ಚಿತ್ರ ಕಂಡರೆ, ಚಿತ್ರ ಬರುತ್ತಿದೆ, ಬ್ಯಾಕ್‌ಲೈಟ್ ಹೊತ್ತಿಲ್ಲ. ಬ್ಯಾಕ್‌ಲೈಟ್‌ನ ಆನ್ ಸಂಕೇತ ಅಥವಾ ವೋಲ್ಟೇಜ್ ತಲುಪುತ್ತಿಲ್ಲ. ಬೆಳಕು ಇದ್ದು ಪರದೆ ಬರೀ ಬಿಳಿಯಾಗಿದ್ದರೆ ಪ್ಯಾನೆಲ್‌ಗೆ ಡೇಟಾ ತಲುಪುತ್ತಿಲ್ಲ, ಕೇಬಲ್ ಸರಿಯಾಗಿ ಕೂತಿಲ್ಲದಿರಬಹುದು. ಚಿತ್ರ ಇದ್ದು ಮುಖದ ಬಣ್ಣಗಳು ತೇಪೆ ತೇಪೆಯಾಗಿ, ವಿಚಿತ್ರವಾಗಿ ಕಂಡರೆ ಎಲ್‌ವಿಡಿಎಸ್‌ನ ಬಿಟ್ ಜೋಡಣೆ ತಪ್ಪಿದೆ. 6 ಬಿಟ್, 8 ಬಿಟ್ ಅಥವಾ ವೆಸಾ, ಜೈಡಾ ಎಂಬ ಬಿಟ್ ಕ್ರಮದ ಆಯ್ಕೆ ಬದಲಿಸಬೇಕು. ಚಿತ್ರ ಎರಡಾಗಿ ಸೀಳಿದಂತೆ ಅಥವಾ ಕಂಬಿ ಕಂಬಿಯಾಗಿ ಬಂದರೆ ಸಿಂಗಲ್ ಚಾನೆಲ್, ಡ್ಯುಯಲ್ ಚಾನೆಲ್ ಅದಲುಬದಲಾಗಿದೆ. ಎಲ್‌ವಿಡಿಎಸ್‌ನಲ್ಲಿ 1366×768ರ ಪ್ಯಾನೆಲ್‌ಗಳು ಸಾಮಾನ್ಯವಾಗಿ ಸಿಂಗಲ್, 1920×1080ರವು ಡ್ಯುಯಲ್ ಇರುತ್ತವೆ. ಈ ಕೊನೆಯ ಎರಡು ತೊಂದರೆ ಫರ್ಮ್‌ವೇರ್ ಬದಲಿಸಿದರೆ ಹೋಗುತ್ತವೆ, ಪ್ಯಾನೆಲ್‌ಗೆ ಏನೂ ಆಗಿಲ್ಲ.

ಈಗ ಟಚ್ ತಂತಿಗಳು. ಹಳೆಯ ಕೇಬಲ್‌ನಲ್ಲಿ ಟಚ್ ಬೋರ್ಡ್‌ಗೆ ಹೋಗುವ ತಂತಿಗಳನ್ನು ಬಿಡಿಸಿ, ಮದರ್‌ಬೋರ್ಡ್ ಕಡೆಯ ತುದಿ ಕತ್ತರಿಸಿ. ಟಚ್ ಬೋರ್ಡ್ ಕಡೆಯ ಪ್ಲಗ್ ಹಾಗೇ ಇರಲಿ, ಅಷ್ಟು ಚಿಕ್ಕ ಪ್ಲಗ್ ಬೇರೆ ಹುಡುಕುವುದು ಕಷ್ಟ. ಒಂದು ಹಳೆಯ ಯುಎಸ್‌ಬಿ ಕೇಬಲ್ ಕತ್ತರಿಸಿದರೆ ಒಳಗೆ ನಾಲ್ಕು ತಂತಿ ಸಿಗುತ್ತವೆ. ಸಾಮಾನ್ಯವಾಗಿ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್ (ವಿದ್ಯುತ್ ಮರಳುವ ತಂತಿ), ಹಸಿರು ಡಿ ಪ್ಲಸ್, ಬಿಳಿ ಡಿ ಮೈನಸ್ (ಇವೆರಡು ಡೇಟಾ ತಂತಿಗಳು). ಅಗ್ಗದ ಕೇಬಲ್‌ಗಳಲ್ಲಿ ಬಣ್ಣಗಳು ಬೇರೆ ಇರುವುದುಂಟು, ಮೀಟರ್‌ನಿಂದ ಪರೀಕ್ಷಿಸಿ. ಟಚ್ ಬೋರ್ಡ್‌ನ ಗ್ರೌಂಡ್ ಯಾವುದೆಂದು ತಿಳಿಯಲು ಅದರ ಸ್ಕ್ರೂ ತೂತಿನ ಸುತ್ತಲಿನ ಲೋಹಕ್ಕೂ ಒಂದೊಂದು ಪಿನ್‌ಗೂ ಸಂಪರ್ಕ ಇದೆಯೇ ನೋಡಿ. ಹೊಸೆದ ಜೋಡಿ ಡೇಟಾ ತಂತಿಗಳು. ಉಳಿದದ್ದು ವಿದ್ಯುತ್.

ಆ ವಿದ್ಯುತ್ 5 ವೋಲ್ಟೋ 3.3 ವೋಲ್ಟೋ ಎಂಬುದನ್ನು ಊಹೆಗೆ ಬಿಡಬೇಡಿ. ಎರಡೂ ಬಗೆಯ ಟಚ್ ಬೋರ್ಡ್‌ಗಳಿವೆ. ಸರ್ಕ್ಯೂಟ್ ನಕ್ಷೆ ಇಲ್ಲದಿದ್ದರೆ ಮೊದಲು 3.3 ವೋಲ್ಟ್ ಕೊಟ್ಟು ನೋಡಿ. 5ರ ಬೋರ್ಡ್‌ಗೆ 3.3 ಕೊಟ್ಟರೆ ಅದು ಸುಮ್ಮನಿರುತ್ತದೆ ಅಥವಾ ಅರೆಬರೆ ಕೆಲಸ ಮಾಡುತ್ತದೆ, ಹಾಳಾಗುವುದಿಲ್ಲ. ಉಲ್ಟಾ ಮಾಡಿದರೆ ಚಿಪ್ ಹೋಗಬಹುದು. 5 ವೋಲ್ಟನ್ನು 3.3ಕ್ಕೆ ಇಳಿಸಲು ಎಎಂಎಸ್1117-3.3 ಎಂಬ ಪುಟ್ಟ ರೆಗ್ಯುಲೇಟರ್ ಸಾಕು. ಯುಎಸ್‌ಬಿಯ ಡೇಟಾ ತಂತಿಗಳಿಗೆ ಏನೂ ಇಳಿಸಬೇಕಿಲ್ಲ, ಅವು ಹೇಗೂ 3.3ರ ಮಟ್ಟದಲ್ಲೇ ಇರುತ್ತವೆ. ಡಿ ಪ್ಲಸ್, ಡಿ ಮೈನಸ್ ಅದಲುಬದಲಾದರೆ ಕಂಪ್ಯೂಟರ್ ಸಾಧನವನ್ನು ಗುರುತಿಸುವುದಿಲ್ಲ ಅಷ್ಟೆ, ಬದಲಿಸಿ ನೋಡಬಹುದು. ವಿದ್ಯುತ್ ಮತ್ತು ಗ್ರೌಂಡ್ ಅದಲುಬದಲಾಗುವುದು ಮಾತ್ರ ಕೂಡದು. ಮೊದಲ ಪರೀಕ್ಷೆಯನ್ನು ಹೊಸ ಲ್ಯಾಪ್‌ಟಾಪ್‌ಗೆ ನೇರವಾಗಿ ಚುಚ್ಚಿ ಮಾಡಬೇಡಿ. ನಡುವೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಇಡಿ. ಎಲ್ಲೋ ಶಾರ್ಟ್ ಆದರೆ ಮೊದಲ ಪೆಟ್ಟು ಹಬ್ ತಿನ್ನಲಿ.

ಮುಚ್ಚಳದ ವೆಬ್‌ಕ್ಯಾಮ್ ಕೂಡ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಯುಎಸ್‌ಬಿಯೇ. ಇದೇ ರೀತಿ ಜೋಡಿಸಿದರೆ ಅದೂ ಸಿಗುತ್ತದೆ.

ಎಲ್ಲ ಸರಿಯಾಗಿ, ಚಿತ್ರವೂ ಟಚ್ಚೂ ಬಂದ ಮೇಲೆ ಅನೇಕರಿಗೆ ಎದುರಾಗುವ ಒಂದು ತೊಂದರೆ ಇದೆ. ಯಾರೂ ಮುಟ್ಟದೆಯೇ ಪರದೆ ತಾನಾಗಿ ಕ್ಲಿಕ್ ಆಗುತ್ತದೆ. ಬೆರಳು ಇಟ್ಟರೆ ಕರ್ಸರ್ ನಡುಗುತ್ತದೆ. ಗಾಜು ಹಾಳಾಗಿದೆ ಎಂದು ಎಸೆದುಬಿಡುತ್ತಾರೆ. ಹೆಚ್ಚಿನ ಸಲ ಗಾಜು ಚೆನ್ನಾಗಿಯೇ ಇರುತ್ತದೆ. ಈ ಗಾಜು ಬೆರಳು ಹತ್ತಿರ ಬಂದಾಗ ಆಗುವ ತೀರಾ ಸಣ್ಣ ವಿದ್ಯುತ್ ಬದಲಾವಣೆಯನ್ನು ಅಳೆಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಪ್ಯಾನೆಲ್‌ನ ಲೋಹದ ಬೆನ್ನು, ಮುಚ್ಚಳದ ಒಳಗಿನ ಫಾಯಿಲ್, ಕೀಲು, ಮದರ್‌ಬೋರ್ಡ್ ಎಲ್ಲ ಒಂದೇ ಗ್ರೌಂಡ್‌ಗೆ ಸೇರಿದ್ದವು. ನೀವು ಬಿಚ್ಚಿದಾಗ ಆ ಸಂಪರ್ಕ ತಪ್ಪಿತು. ಜೊತೆಗೆ ಅಗ್ಗದ 12 ವೋಲ್ಟ್ ಅಡಾಪ್ಟರ್ ವಿದ್ಯುತ್ತಿನ ಗದ್ದಲ ಸೇರಿಸುತ್ತದೆ. ಪ್ಯಾನೆಲ್‌ನ ಲೋಹದ ಚೌಕಟ್ಟು, ಟಚ್ ಬೋರ್ಡ್‌ನ ಗ್ರೌಂಡ್, ಕಂಟ್ರೋಲರ್ ಬೋರ್ಡ್‌ನ ಗ್ರೌಂಡ್ ಈ ಮೂರನ್ನೂ ದಪ್ಪ, ಚಿಕ್ಕ ತಂತಿಯಿಂದ ಒಂದಕ್ಕೊಂದು ಸೇರಿಸಿ. ಕಿತ್ತ ತಾಮ್ರದ ಅಥವಾ ಅಲ್ಯೂಮಿನಿಯಂ ಟೇಪ್ ಇದ್ದರೆ ಇದ್ದ ಜಾಗಕ್ಕೇ ಅಂಟಿಸಿ. ಕಂಟ್ರೋಲರ್ ಬೋರ್ಡನ್ನು ಟಚ್ ಬೋರ್ಡ್‌ನಿಂದ ಆದಷ್ಟು ದೂರ ಇಡಿ. ಆಮೇಲೂ ಹೋಗದಿದ್ದರೆ ಬೇರೆ ಅಡಾಪ್ಟರ್ ಹಾಕಿ ನೋಡಿ.

ನಿಮ್ಮ ಟಚ್ ಐ2ಸಿ ಎಂದು ಗೊತ್ತಾದರೆ? ರಾಸ್ಪ್‌ಬೆರಿ ಪೈ ಪಿಕೊದಂಥ ಚಿಕ್ಕ ಮೈಕ್ರೋಕಂಟ್ರೋಲರ್ ನಡುವೆ ಇಡಬಹುದು. ಅದು ಒಂದು ಕಡೆ ಐ2ಸಿಯಲ್ಲಿ ಟಚ್ ಚಿಪ್‌ನಿಂದ ಬೆರಳಿನ ಸ್ಥಾನ ಓದುತ್ತದೆ, ಇನ್ನೊಂದು ಕಡೆ ಯುಎಸ್‌ಬಿ ಟಚ್‌ಸ್ಕ್ರೀನ್ ಎಂದು ಕಂಪ್ಯೂಟರ್‌ಗೆ ಪರಿಚಯಿಸಿಕೊಳ್ಳುತ್ತದೆ. ಕೋಡ್ ಬರೆಯುವುದು ನಿಮಗೆ ಇಷ್ಟವಾದರೆ ಒಳ್ಳೆಯ ಪಾಠ ಇದು. ಇಲ್ಲದಿದ್ದರೆ ಆ ದಾರಿ ಹಿಡಿಯಬೇಡಿ. ನಿಮ್ಮ ಪರದೆಯ ಅಳತೆಗೆ ಸರಿಯಾದ, ಯುಎಸ್‌ಬಿ ಕಂಟ್ರೋಲರ್ ಜೊತೆಗೇ ಬರುವ ಟಚ್ ಗಾಜು ಅಥವಾ ಇನ್‌ಫ್ರಾರೆಡ್ ಚೌಕಟ್ಟು ಸಿಗುತ್ತದೆ. ಟಚ್ ಇಲ್ಲದ ಹಳೆಯ ಪರದೆ ಇಟ್ಟುಕೊಂಡವರಿಗೂ ಇದೇ ದಾರಿ. ಕೊಳ್ಳುವಾಗ ಇಂಚು ನೋಡಿ ಬಿಡಬೇಡಿ, ಚಿತ್ರ ಕಾಣುವ ಜಾಗವನ್ನು ಮಿಲಿಮೀಟರ್‌ನಲ್ಲಿ ಅಳೆಯಿರಿ. 16:9 ಆಕಾರದ 15.6 ಇಂಚಿನಲ್ಲಿ ಅದು ಸುಮಾರು 344×194 ಇರುತ್ತದೆ. ಇನ್‌ಫ್ರಾರೆಡ್ ಚೌಕಟ್ಟು ಅಂಚಿನಲ್ಲಿ ಕಾಣದ ಬೆಳಕಿನ ಬಲೆ ಹೆಣೆಯುತ್ತದೆ, ಬೆರಳು ಅದನ್ನು ತಡೆದಾಗ ಸ್ಥಾನ ಗೊತ್ತಾಗುತ್ತದೆ. ಅಂಗಿಯ ತೋಳು ತಾಗಿದರೂ ಅದು ಸ್ಪರ್ಶವೇ. ನೇರ ಬಿಸಿಲು ಬಿದ್ದರೆ ತಡಬಡಿಸುತ್ತದೆ. ಬರೀ ಎಲ್‌ಸಿಡಿ ಮೇಲೆ ಬೆರಳು ಒತ್ತಬಾರದು, ಅದರ ಮೇಲ್ಮೈ ಮೆದು. ಚೌಕಟ್ಟಿನ ಕೆಳಗೆ ತೆಳ್ಳಗಿನ ಗಾಜು ಇರಲೇಬೇಕು.

ಸಾಫ್ಟ್‌ವೇರ್ ಕಡೆ ಹೆಚ್ಚು ಕೆಲಸವಿಲ್ಲ. ವಿಂಡೋಸ್ ಇಂಥ ಟಚ್‌ಸ್ಕ್ರೀನ್‌ಗಳನ್ನು ಸಾಮಾನ್ಯವಾಗಿ ಡ್ರೈವರ್ ಇಲ್ಲದೆಯೇ ಗುರುತಿಸುತ್ತದೆ. ಆದರೆ ಎರಡು ಪರದೆ ಇದ್ದಾಗ ನೀವು ಮಾನಿಟರ್ ಮುಟ್ಟಿದರೆ ಲ್ಯಾಪ್‌ಟಾಪ್ ಪರದೆಯಲ್ಲಿ ಕ್ಲಿಕ್ ಆಗಬಹುದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸ್' ತೆರೆದು 'ಸೆಟಪ್' ಒತ್ತಿ. ಯಾವ ಪರದೆಗೆ ಟಚ್ ಇದೆಯೋ ಅದನ್ನು ಮುಟ್ಟಿ ತೋರಿಸಲು ಹೇಳುತ್ತದೆ. ಬೇರೆ ಪರದೆಯ ಮೇಲೆ ಆ ಸೂಚನೆ ಬಂದರೆ ಎಂಟರ್ ಒತ್ತಿ ಮುಂದೆ ಹೋಗಿ. ಲಿನಕ್ಸ್‌ನ ಎಕ್ಸ್11ರಲ್ಲಿ 'ಎಕ್ಸ್‌ಇನ್‌ಪುಟ್' ಆಜ್ಞೆಯ 'ಮ್ಯಾಪ್ ಟು ಔಟ್‌ಪುಟ್' ಆಯ್ಕೆ ಇದೇ ಕೆಲಸ ಮಾಡುತ್ತದೆ. ಮ್ಯಾಕ್ ಇದ್ದರೆ ಬೇರೆ ಕಂಪನಿಯ ಡ್ರೈವರ್ ಬೇಕು.

ಕೊನೆಯದಾಗಿ ಸ್ಟ್ಯಾಂಡ್. ಸಾಮಾನ್ಯ ಮಾನಿಟರ್‌ಗೆ ಯಾವ ಸ್ಟ್ಯಾಂಡ್ ಆದರೂ ನಡೆಯುತ್ತದೆ, ಟಚ್ ಮಾನಿಟರ್‌ಗೆ ಇಲ್ಲ. ಪ್ರತಿ ಸಲ ಬೆರಳು ಒತ್ತಿದಾಗಲೂ ಪರದೆ ಹಿಂದಕ್ಕೆ ವಾಲಿದರೆ ಎರಡೇ ದಿನಕ್ಕೆ ಬಳಸುವುದು ಬಿಟ್ಟುಬಿಡುತ್ತೀರಿ. ನನಗೆ ಇಷ್ಟವಾದ ವಿಧಾನ, ಮುಚ್ಚಳವನ್ನು ಲ್ಯಾಪ್‌ಟಾಪ್‌ನ ತಳದಿಂದ ಬೇರ್ಪಡಿಸದೇ ಇರುವುದು. ಮದರ್‌ಬೋರ್ಡ್ ಮತ್ತು ಬ್ಯಾಟರಿ ತೆಗೆದ ತಳದಲ್ಲಿ ಕಂಟ್ರೋಲರ್ ಬೋರ್ಡ್‌ಗೆ ಬೇಕಾದಷ್ಟು ಜಾಗ ಇದೆ. ಕೇಬಲ್‌ಗಳು ಹಳೆಯ ಕೀಲಿನ ದಾರಿಯಲ್ಲೇ ಇಳಿಯುತ್ತವೆ. ಬೋರ್ಡ್ ಕೆಳಗೆ ಪ್ಲಾಸ್ಟಿಕ್ ಸ್ಪೇಸರ್ ಹಾಕಿ, ಲೋಹ ತಾಗಬಾರದು. ಖಾಲಿಯಾದ ತಳ ಹಗುರಾಗಿರುತ್ತದೆ, ಆದ್ದರಿಂದ ಮುಂಭಾಗದಲ್ಲಿ ಒಂದು ಕಬ್ಬಿಣದ ತಗಡು ಕೂರಿಸಿ. ಕೀಲು ಸಡಿಲವಾಗಿದ್ದರೆ ಅದರ ನಟ್ ಬಿಗಿ ಮಾಡಿ.

ಇಷ್ಟೆಲ್ಲ ಮಾಡುವುದು ಲಾಭವೇ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ನಿಮ್ಮ ಪ್ಯಾನೆಲ್ 1920×1080 ಇದ್ದು, ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಆಗಿದ್ದು, ಟಚ್ ಯುಎಸ್‌ಬಿ ಆಗಿದ್ದರೆ ಖಂಡಿತ ಮಾಡಿ. ಹೊಸ ಟಚ್ ಮಾನಿಟರ್‌ನ ಬೆಲೆಯ ಸಣ್ಣ ಪಾಲಿನಲ್ಲಿ ಒಳ್ಳೆಯದೊಂದು ಸಿಗುತ್ತದೆ. 1366×768ರ ಹಳೆಯ ಪ್ಯಾನೆಲ್ ಆಗಿದ್ದರೆ ದಿನವಿಡೀ ಓದುವ ಪರದೆ ಎಂದು ನೆಚ್ಚಿಕೊಳ್ಳಬೇಡಿ. ಹಾಡು, ವಿಡಿಯೋ ಎಡಿಟಿಂಗ್ ಬಟನ್‌ಗಳು, ಮನೆಯ ಸಾಧನಗಳ ನಿಯಂತ್ರಣ ಇಂಥದಕ್ಕೆ ಪಕ್ಕದಲ್ಲಿ ಇಟ್ಟುಕೊಳ್ಳಲು ಅದು ಚೆನ್ನಾಗಿದೆ. ಐ2ಸಿ ಟಚ್ ಮತ್ತು ಕಡಿಮೆ ರೆಸಲ್ಯೂಶನ್ ಎರಡೂ ಸೇರಿದ್ದರೆ ಚಿತ್ರ ಮಾತ್ರ ಬರುವಂತೆ ಮಾಡಿಕೊಂಡು ತೃಪ್ತಿಪಡಿ.

ಪ್ಯಾನೆಲ್ ಬೆನ್ನಿನ ಸ್ಟಿಕರ್ ಮತ್ತು ಟಚ್ ಬೋರ್ಡ್‌ನ ಎರಡೂ ಬದಿಯ ಫೋಟೋ ತೆಗೆದು ಕಳಿಸಿ. ಚಿಪ್ ಮೇಲಿನ ನಂಬರ್ ಓದಲು ಬರುವಷ್ಟು ಹತ್ತಿರದಿಂದ ತೆಗೆಯಿರಿ. ಯಾವ ಬೋರ್ಡ್ ಹೊಂದುತ್ತದೆ, ಟಚ್ ಯಾವ ಬಗೆಯದು ಎಂದು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಏನನ್ನೂ ಆರ್ಡರ್ ಮಾಡಬೇಡಿ.